ಬೆಳಗಿನ ಜಡತೆ ಮತ್ತು ನಿಶ್ಶಕ್ತಿಗೆ ಮನೆಮದ್ದು

ಬೆಳಗಿನ ಜಡತೆ ಎಂದರೆ ನಿದ್ರೆಯಿಂದ ಎದ್ದ ನಂತರವೂ ಮೈಭಾರ, ಮಂಪರು, ಮರೆವು ಹಾಗೂ ಕೆಲಸದಲ್ಲಿ ನಿರುತ್ಸಾಹ ಉಳಿದುಕೊಳ್ಳುವ ಸ್ಥಿತಿ. ಇದು ದಿನವಿಡೀ ಮುಂದುವರಿದರೆ ಅದನ್ನು ನಿಶ್ಶಕ್ತಿ, ದಣಿವು ಅಥವಾ ಸುಸ್ತು ಎಂದು ಕರೆಯಲಾಗುತ್ತದೆ. ಜಡತೆಯು ಸ್ವತಃ ಒಂದು ರೋಗವಲ್ಲ. ಅದು ನಿದ್ರೆಯ ಕೊರತೆ, ಆಹಾರದ ಕೊರತೆ ಅಥವಾ ದೇಹದಲ್ಲಿ ಅಡಗಿರುವ ಕಾಯಿಲೆಯ ಲಕ್ಷಣವಾಗಿರಬಹುದು. ಇದರ ನಿವಾರಣೆಗೆ ಭಾರತದ ಎಲ್ಲ ಪ್ರದೇಶಗಳಲ್ಲಿ ಮನೆಮದ್ದುಗಳು ರೂಢಿಯಲ್ಲಿವೆ. ಈ ಲೇಖನವು ಮುಖ್ಯವಾಗಿ ಕರ್ನಾಟಕದ ಬಾಗಲಕೋಟೆ ನವನಗರ, ಬಾದಾಮಿ, ಹುನಗುಂದ ಮತ್ತು ಇಳಕಲ್ ಪರಿಸರದಲ್ಲಿ ಬಳಕೆಯಲ್ಲಿರುವ ಆಹಾರ ಹಾಗೂ ಗಿಡಮೂಲಿಕೆಗಳನ್ನು, ಅವುಗಳ ಉಪಯೋಗ ಮತ್ತು ಮಿತಿಗಳನ್ನು ವಿವರಿಸುತ್ತದೆ.

ಕಾರಣಗಳು

ನಿದ್ರಾ ಜಡತೆ

ಎಚ್ಚರವಾದ ತಕ್ಷಣ ಮಿದುಳಿನ ಎಲ್ಲ ಭಾಗಗಳೂ ಏಕಕಾಲಕ್ಕೆ ಪೂರ್ಣ ಜಾಗೃತವಾಗುವುದಿಲ್ಲ. ಈ ನಡುವಿನ ಅವಧಿಯನ್ನು ನಿದ್ರಾ ಜಡತೆ ಎನ್ನುತ್ತಾರೆ. ಇದು ಸಾಮಾನ್ಯವಾಗಿ 15ರಿಂದ 30 ನಿಮಿಷಗಳವರೆಗೆ ಇರುತ್ತದೆ. ನಿದ್ರೆಗೆಟ್ಟವರಲ್ಲಿ ಇನ್ನೂ ದೀರ್ಘವಾಗಬಹುದು. ಗಾಢ ನಿದ್ರೆಯ ನಡುವೆ ಎಬ್ಬಿಸಿದಾಗ ಇದರ ತೀವ್ರತೆ ಹೆಚ್ಚು. ಎಚ್ಚರದ ಹೊತ್ತಿನಲ್ಲಿ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸಂಗ್ರಹವಾಗುತ್ತದೆ ಮತ್ತು ನಿದ್ರೆಯಲ್ಲಿ ಕಡಿಮೆಯಾಗುತ್ತದೆ. ನಿದ್ರೆ ಸಾಲದಿದ್ದರೆ ಅದರ ಶೇಷ ಉಳಿದು ಮಂಪರು ಮುಂದುವರಿಯುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಅಗತ್ಯ. ಪರೀಕ್ಷೆಯ ದಿನಗಳಲ್ಲಿ ತಡರಾತ್ರಿಯವರೆಗೆ ಓದಿ ನಸುಕಿನಲ್ಲಿ ಏಳುವ ವಿದ್ಯಾರ್ಥಿಗಳಲ್ಲಿ ಕಾಣುವ ಜಡತೆಗೆ ಬಹುಪಾಲು ಇದೇ ಕಾರಣ.

ಬೇಸಿಗೆಯ ಸೆಕೆ

ಬಾಗಲಕೋಟೆ ಜಿಲ್ಲೆಯು ಕಡಿಮೆ ಮಳೆ ಬೀಳುವ ಒಣಪ್ರದೇಶ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿನ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ದೇಹದ ಒಳಗಿನ ತಾಪ ಸ್ವಲ್ಪ ಇಳಿದಾಗಲೇ ಗಾಢ ನಿದ್ರೆ ಬರುವುದರಿಂದ, ಸೆಕೆಯ ರಾತ್ರಿಗಳಲ್ಲಿ ನಿದ್ರೆ ಪದೇ ಪದೇ ಒಡೆಯುತ್ತದೆ. ಹಳೆಯ ಊರುಗಳ ದಪ್ಪ ಮಣ್ಣಿನ ಮಾಳಿಗೆ ಮನೆಗಳಲ್ಲಿ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ರೂಢಿಯಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗಾಗಿ ನಿರ್ಮಿಸಲಾದ ನವನಗರದಂತಹ ಬಡಾವಣೆಗಳಲ್ಲಿ ಕಾಂಕ್ರೀಟ್ ಚಾವಣಿಯ ಮನೆಗಳು ಸಾಮಾನ್ಯ. ಕಾಂಕ್ರೀಟ್ ಹಗಲಿನಲ್ಲಿ ಹೀರಿದ ಶಾಖವನ್ನು ರಾತ್ರಿ ಹೊರಬಿಡುತ್ತದೆ. ಬೆವರಿನಿಂದ ನೀರು ಮತ್ತು ಉಪ್ಪಿನ ಅಂಶ ನಷ್ಟವಾಗುವುದೂ ಬೆಳಗಿನ ತಲೆಭಾರ ಹಾಗೂ ಸುಸ್ತಿಗೆ ಕಾರಣವಾಗುತ್ತದೆ.

ರಕ್ತಹೀನತೆ

ಬಹುಕಾಲದ ನಿಶ್ಶಕ್ತಿಗೆ, ವಿಶೇಷವಾಗಿ ಮಹಿಳೆಯರಲ್ಲಿ, ರಕ್ತಹೀನತೆಯು ಪ್ರಮುಖ ಕಾರಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ (2019–21) ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆಯ ಪ್ರಮಾಣ ಭಾರತದಲ್ಲಿ ಶೇ. 57.0, ಕರ್ನಾಟಕದಲ್ಲಿ ಶೇ. 47.8. ಅಂದರೆ ರಾಜ್ಯದ ಸುಮಾರು ಅರ್ಧದಷ್ಟು ಮಹಿಳೆಯರಿಗೆ ಈ ತೊಂದರೆ ಇದೆ. ಗರ್ಭಿಣಿಯರಲ್ಲದ ಮಹಿಳೆಯರಲ್ಲಿ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಎನ್ನಲಾಗುತ್ತದೆ. ಕಬ್ಬಿಣಾಂಶದ ಕೊರತೆ, ಮುಟ್ಟಿನ ಅಧಿಕ ಸ್ರಾವ, ಮೇಲಿಂದ ಮೇಲೆ ಆಗುವ ಹೆರಿಗೆ ಹಾಗೂ ಕೊಕ್ಕೆಹುಳುವಿನ ಬಾಧೆ ಇದಕ್ಕೆ ಸಾಮಾನ್ಯ ಕಾರಣಗಳು. ಕೊಕ್ಕೆಹುಳುವಿನ ಮರಿಗಳು ಬರಿಗಾಲಿನ ಚರ್ಮದ ಮೂಲಕ ದೇಹವನ್ನು ಸೇರುವುದರಿಂದ ಹೊಲದಲ್ಲಿ ಚಪ್ಪಲಿಯಿಲ್ಲದೆ ದುಡಿಯುವವರಲ್ಲಿ ಅಪಾಯ ಹೆಚ್ಚು.

ರಕ್ತಹೀನತೆ ಇರುವವರನ್ನು ಮನೆಯಲ್ಲಿ ಆಲಸಿಗಳೆಂದು ಹೀಗಳೆಯುವುದು ಅಪರೂಪವಲ್ಲ. ನಿಧಾನವಾಗಿ ಬೆಳೆಯುವ ಈ ತೊಂದರೆಗೆ ದೇಹವು ಒಗ್ಗಿಕೊಳ್ಳುವುದರಿಂದ, ಬಳಲುವವರೇ ಅದನ್ನು ತಮ್ಮ ಸಹಜ ಸ್ವಭಾವವೆಂದು ಭಾವಿಸುವುದುಂಟು.

ಇತರ ಕಾರಣಗಳು

ಥೈರಾಯ್ಡ್ ಗ್ರಂಥಿಯ ಮಂದಗತಿ, ಸಕ್ಕರೆ ಕಾಯಿಲೆ, ಬಿ12 ಮತ್ತು ಡಿ ಜೀವಸತ್ವಗಳ ಕೊರತೆ, ಕ್ಷಯ, ಖಿನ್ನತೆ, ಗೊರಕೆಯೊಡನೆ ಉಸಿರು ತಡೆಯುವ ನಿದ್ರಾ ತೊಂದರೆ ಹಾಗೂ ಕೆಲವು ಔಷಧಗಳ ಪರಿಣಾಮವೂ ಜಡತೆಗೆ ಕಾರಣವಾಗಬಹುದು. ಬಿ12 ಜೀವಸತ್ವವು ಸಹಜವಾಗಿ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ ಸಾಕಷ್ಟು ದೊರೆಯುವುದರಿಂದ, ಹಾಲು-ಮೊಸರನ್ನೂ ಕಡಿಮೆ ಬಳಸುವ ಸಸ್ಯಾಹಾರಿಗಳಲ್ಲಿ ಅದರ ಕೊರತೆ ಕಂಡುಬರುತ್ತದೆ.

ಬಾಗಲಕೋಟೆ ಪರಿಸರದ ಆಹಾರ ಪದ್ಧತಿ

ಈ ಭಾಗದಲ್ಲಿ ಬೆಳಗಿನ ಉಪಾಹಾರವನ್ನು ಆಡುಮಾತಿನಲ್ಲಿ ನ್ಯಾರಿ ಎನ್ನುತ್ತಾರೆ. ಜೋಳದ ರೊಟ್ಟಿ, ಪಲ್ಯೆ, ಹಿಂಡಿ (ಚಟ್ನಿಪುಡಿ), ಮೊಸರು ಹಾಗೂ ಹಸಿ ತಪ್ಪಲುಗಳು ಇದರ ಮುಖ್ಯ ಅಂಗಗಳು. ಬಾದಾಮಿ ಬಳಿಯ ಬನಶಂಕರಿ ದೇವಾಲಯದ ಆವರಣದಲ್ಲಿ ಮಹಿಳೆಯರು ರೊಟ್ಟಿ, ಕೆಂಪು ಚಟ್ನಿ ಮತ್ತು ಗಡಿಗೆ ಮೊಸರನ್ನು ಮಾರುವುದು ಯಾತ್ರಿಕರಿಗೆ ಪರಿಚಿತ ದೃಶ್ಯ. ಬನಶಂಕರಿಗೆ ಶಾಕಂಬರಿ ಎಂಬ ಹೆಸರೂ ಇದ್ದು, ಅಲ್ಲಿನ ಆಚರಣೆಯಲ್ಲಿ ಕಾಯಿಪಲ್ಯೆಗಳಿಗೆ ವಿಶೇಷ ಸ್ಥಾನವಿದೆ.

ಧಾನ್ಯಗಳು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದಂತೆ 100 ಗ್ರಾಂ ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ, ರಾಗಿಯಲ್ಲಿ 4.6 ಮಿಲಿಗ್ರಾಂ, ಜೋಳದಲ್ಲಿ 4 ಮಿಲಿಗ್ರಾಂ ಕಬ್ಬಿಣಾಂಶವಿದ್ದು, ಪಾಲಿಶ್ ಮಾಡಿದ ಅಕ್ಕಿಯಲ್ಲಿ 1 ಮಿಲಿಗ್ರಾಂಗಿಂತಲೂ ಕಡಿಮೆ ಇದೆ. ಜೋಳದಲ್ಲಿ ನಾರಿನಂಶ ಹೆಚ್ಚಿರುವುದರಿಂದ ಅದು ನಿಧಾನವಾಗಿ ಜೀರ್ಣವಾಗಿ ಹಸಿವನ್ನು ಬಹಳ ಹೊತ್ತು ತಡೆಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯು ಚಳಿಗಾಲದ ಹಬ್ಬಗಳ ವಿಶೇಷ ಆಹಾರ.

ಅಂಬಲಿ ಮತ್ತು ನುಚ್ಚು-ಮಜ್ಜಿಗೆ: ಜೋಳದ ಹಿಟ್ಟನ್ನು ಕುದಿಸಿ, ಮಜ್ಜಿಗೆ ಹಾಗೂ ಉಪ್ಪು ಬೆರೆಸಿ ಅಂಬಲಿ ತಯಾರಿಸುತ್ತಾರೆ. ಇದು ನೀರು, ಉಪ್ಪು ಮತ್ತು ಪಿಷ್ಟವನ್ನು ಒಟ್ಟಿಗೆ ಒದಗಿಸುವುದರಿಂದ ಬೇಸಿಗೆಯ ದಣಿವಿಗೆ ತಕ್ಕ ಪಾನೀಯ. ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಿಸಿದರೆ ಕಬ್ಬಿಣಾಂಶವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗುತ್ತದೆ. ಮಡಕಿ ಕಾಳು, ಹೆಸರು ಕಾಳುಗಳನ್ನು ಮೊಳಕೆ ಬರಿಸುವುದರಿಂದಲೂ ಇದೇ ಪ್ರಯೋಜನವಿದೆ.

ತಪ್ಪಲುಗಳು: ಮೆಂತ್ಯೆ, ಹಕ್ಕರಕಿ, ರಾಜಗಿರಿ, ಪುಂಡಿಪಲ್ಯೆ ಮತ್ತು ನುಗ್ಗೆ ಸೊಪ್ಪು ಇಲ್ಲಿ ಬಳಕೆಯಲ್ಲಿವೆ. ಬಾಗಲಕೋಟೆ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿರುವ ಅರಭಾವಿಯ ಕಾಲೇಜು ಅಭಿವೃದ್ಧಿಪಡಿಸಿದ ‘ಭಾಗ್ಯ’ ನುಗ್ಗೆ ತಳಿಯು ರೈತರಲ್ಲಿ ಜನಪ್ರಿಯವಾಗಿದೆ. ಸೊಪ್ಪಿನಲ್ಲಿರುವ ಕಬ್ಬಿಣಾಂಶದ ಅಲ್ಪಭಾಗವನ್ನು ಮಾತ್ರ ಕರುಳು ಹೀರಿಕೊಳ್ಳುತ್ತದೆ. ಊಟದ ಜೊತೆ ನಿಂಬೆಹಣ್ಣು, ಪೇರಲ ಅಥವಾ ನೆಲ್ಲಿಕಾಯಿ ಸೇವಿಸಿದರೆ ಅದರಲ್ಲಿರುವ ಸಿ ಜೀವಸತ್ವವು ಈ ಹೀರಿಕೆಯನ್ನು ಹೆಚ್ಚಿಸುತ್ತದೆ. ಊಟದೊಡನೆ ಕುಡಿಯುವ ಚಹಾ ಅದನ್ನು ತಗ್ಗಿಸುತ್ತದೆ. ಆದ್ದರಿಂದ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರುವುದು ಉತ್ತಮ.

ಹಿಂಡಿಗಳು: ಅಗಸಿ, ಗುರೆಳ್ಳು ಮತ್ತು ಶೇಂಗಾ ಹಿಂಡಿಗಳು ಕೊಬ್ಬು ಹಾಗೂ ಪ್ರೋಟೀನನ್ನು ಒದಗಿಸುತ್ತವೆ. ಬರೀ ಚಹಾ ಮತ್ತು ಬಿಸ್ಕತ್ತಿನ ನ್ಯಾರಿಗಿಂತ ರೊಟ್ಟಿ, ಹಿಂಡಿ, ಮೊಸರಿನ ನ್ಯಾರಿಯು ಮಧ್ಯಾಹ್ನದವರೆಗೆ ಶಕ್ತಿಯನ್ನು ಉಳಿಸುತ್ತದೆ.

ಕರದಂಟು ಮತ್ತು ಅಂಟಿನ ಉಂಡಿ: ಹುನಗುಂದ ತಾಲ್ಲೂಕಿನ ಅಮೀನಗಡವು ಕರದಂಟಿಗೆ ಹೆಸರಾದ ಊರು. ತುಪ್ಪದಲ್ಲಿ ಕರಿದ ಅಂಟಿಗೆ ಕೊಬ್ಬರಿ, ಉತ್ತತ್ತಿ, ಗೋಡಂಬಿ ಮೊದಲಾದವುಗಳನ್ನು ಸೇರಿಸಿ ಬೆಲ್ಲದ ಪಾಕದಲ್ಲಿ ಇದನ್ನು ತಯಾರಿಸುತ್ತಾರೆ. ಅಂಟಿನ ಉಂಡಿ ಮತ್ತು ಅಳವಿ ಬೀಜದ ಪಾಯಸವನ್ನು ಬಾಣಂತಿಯರಿಗೆ ನೀಡುವುದು ಉತ್ತರ ಕರ್ನಾಟಕದ ಪದ್ಧತಿ. ಇವು ಶಕ್ತಿಸಾಂದ್ರ ತಿನಿಸುಗಳಾಗಿದ್ದು, ಹೆಚ್ಚು ದೈಹಿಕ ಶ್ರಮ ಮಾಡುವವರಿಗೆ ಹಾಗೂ ಹೆರಿಗೆಯಿಂದ ಚೇತರಿಸಿಕೊಳ್ಳುವವರಿಗೆ ಉಪಯುಕ್ತ. ಕುಳಿತು ಕೆಲಸ ಮಾಡುವವರು ಮತ್ತು ಸಕ್ಕರೆ ಕಾಯಿಲೆಯವರು ಮಿತಿ ಪಾಲಿಸಬೇಕಾಗುತ್ತದೆ.

ದಿನಚರಿಯ ಕ್ರಮಗಳು

ಬೆಳಗಿನ ಬೆಳಕು: ಎದ್ದ ಬಳಿಕ ಹೊರಗಿನ ಬೆಳಕಿನಲ್ಲಿ 20ರಿಂದ 30 ನಿಮಿಷ ನಡೆದರೆ ನಿದ್ರೆ ತರಿಸುವ ಮೆಲಟೋನಿನ್ ಸ್ರಾವ ತಗ್ಗಿ ದೇಹದ ಗಡಿಯಾರ ಸರಿಹೊಂದುತ್ತದೆ. ಇಳಕಲ್ಲಿನ ಕೈಮಗ್ಗದ ನೇಕಾರರಂತೆ ದಿನದ ಬಹುಭಾಗ ಒಳಾಂಗಣದಲ್ಲಿ ಕುಳಿತು ದುಡಿಯುವವರಿಗೆ ಈ ನಡಿಗೆ ವಿಶೇಷವಾಗಿ ಅಗತ್ಯ.

ನೀರು: ಎದ್ದೊಡನೆ ಒಂದೆರಡು ಲೋಟ ನೀರು ಕುಡಿಯುವುದು ರಾತ್ರಿಯ ನೀರಿನ ನಷ್ಟವನ್ನು ತುಂಬುತ್ತದೆ. ನೀರು ಬಿಸಿಯಾಗಿರಲಿ, ತಣ್ಣಗಿರಲಿ, ಈ ಪ್ರಯೋಜನದಲ್ಲಿ ವ್ಯತ್ಯಾಸವಿಲ್ಲ.

ಚಹಾ ಮತ್ತು ಕಾಫಿ: ಇವುಗಳಲ್ಲಿರುವ ಕೆಫೀನ್ ಅಡಿನೋಸಿನ್‌ನ ಕೆಲಸವನ್ನು ತಾತ್ಕಾಲಿಕವಾಗಿ ತಡೆಯುತ್ತದೆ. ಸೇವಿಸಿದ ಕೆಫೀನ್‌ನ ಅರ್ಧದಷ್ಟು ಸುಮಾರು 5 ಗಂಟೆಯ ನಂತರವೂ ರಕ್ತದಲ್ಲಿ ಉಳಿದಿರುವುದರಿಂದ, ಸಂಜೆಯ ಚಹಾ ರಾತ್ರಿಯ ನಿದ್ರೆಯನ್ನು ಕೆಡಿಸಿ ಮರುದಿನದ ಜಡತೆಯನ್ನು ಹೆಚ್ಚಿಸಬಹುದು.

ನಿದ್ರೆಯ ಕ್ರಮ: ದಿನವೂ ಒಂದೇ ಹೊತ್ತಿಗೆ ಏಳುವುದು, ಮಲಗುವ ಮುನ್ನ ಮೊಬೈಲ್ ಬದಿಗಿಡುವುದು ಮತ್ತು ಸೆಕೆಗಾಲದಲ್ಲಿ ಗಾಳಿಯಾಡುವ ಸ್ಥಳದಲ್ಲಿ ಮಲಗುವುದು ಉಪಯುಕ್ತ.

ಆಯುರ್ವೇದದಲ್ಲಿ

ಆಯುರ್ವೇದ ಗ್ರಂಥಗಳು ಆಲಸ್ಯ, ತಂದ್ರಾ (ಮಂಪರು) ಮತ್ತು ಕ್ಲಮ (ಶ್ರಮವಿಲ್ಲದೆ ಆಗುವ ದಣಿವು) ಎಂಬ ಭೇದಗಳನ್ನು ಗುರುತಿಸಿವೆ. ಚರಕ ಸಂಹಿತೆಯು ಆಹಾರ, ನಿದ್ರೆ ಮತ್ತು ಬ್ರಹ್ಮಚರ್ಯಗಳನ್ನು ದೇಹದ ಮೂರು ಉಪಸ್ತಂಭಗಳೆಂದು ಹೇಳುತ್ತದೆ. ಹಗಲು ನಿದ್ರೆ ಸಾಮಾನ್ಯವಾಗಿ ಹಿತವಲ್ಲವೆಂದರೂ, ರಾತ್ರಿ ಚಿಕ್ಕದಾಗಿರುವ ಗ್ರೀಷ್ಮ ಋತುವಿನಲ್ಲಿ ಅದಕ್ಕೆ ಅವಕಾಶ ಕೊಟ್ಟಿದೆ. ಮೈ ಬಿಳಿಚಿ ಬಲಗುಂದುವ ಪಾಂಡುರೋಗದ ವರ್ಣನೆಯು ಇಂದಿನ ರಕ್ತಹೀನತೆಯ ಲಕ್ಷಣಗಳನ್ನು ಬಹುಮಟ್ಟಿಗೆ ಹೋಲುತ್ತದೆ.

ಕನ್ನಡದಲ್ಲಿ ಹಿರೇಮದ್ದಿನ ಗಿಡವೆಂದು ಕರೆಯಲಾಗುವ ಅಶ್ವಗಂಧವನ್ನು ಬಲವರ್ಧಕವಾಗಿ ಬಳಸಲಾಗುತ್ತದೆ. ಇದರ ವೈಜ್ಞಾನಿಕ ಹೆಸರು ವಿಥಾನಿಯಾ ಸೋಮ್ನಿಫೆರಾ; ಎರಡನೆಯ ಪದಕ್ಕೆ ಲ್ಯಾಟಿನ್‌ನಲ್ಲಿ ‘ನಿದ್ರೆ ತರುವ’ ಎಂದರ್ಥ. ಸಣ್ಣ ಪ್ರಮಾಣದ ಅಧ್ಯಯನಗಳಲ್ಲಿ ಒತ್ತಡ ಮತ್ತು ನಿದ್ರೆಯ ವಿಷಯದಲ್ಲಿ ಸಾಧಾರಣ ಪ್ರಯೋಜನ ಕಂಡಿದೆ. ಆದರೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವರದಿಯಾಗಿವೆ. ಗರ್ಭಿಣಿಯರು, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

ತಪ್ಪು ತಿಳಿವಳಿಕೆಗಳು

ಬೆಲ್ಲ: ಮಹಾಲಿಂಗಪುರದ ಬೆಲ್ಲವು ಈ ಜಿಲ್ಲೆಯ ಪ್ರಸಿದ್ಧ ಉತ್ಪನ್ನ. ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ 10 ಗ್ರಾಂ ಬೆಲ್ಲದಿಂದ ದೊರೆಯುವ ಕಬ್ಬಿಣಾಂಶ ಸುಮಾರು ಅರ್ಧ ಮಿಲಿಗ್ರಾಂ ಮಾತ್ರ. ವಯಸ್ಕ ಮಹಿಳೆಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣಾಂಶವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಶಿಫಾರಸು ಮಾಡಿದೆ.

ಬೀಟ್‌ರೂಟ್: ಇದರ ಕೆಂಪು ಬಣ್ಣಕ್ಕೂ ರಕ್ತಕ್ಕೂ ಸಂಬಂಧವಿಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಂಗಿಂತ ಕಡಿಮೆ.

ಸಲೈನ್: ಸುಸ್ತಾದಾಗ ಸಲೈನ್ ಅಥವಾ ಗ್ಲೂಕೋಸ್ ಹಚ್ಚಿಸಿಕೊಳ್ಳುವ ರೂಢಿ ಗ್ರಾಮೀಣ ಭಾಗದಲ್ಲಿದೆ. ಶೇ. 5ರ ಗ್ಲೂಕೋಸ್ ದ್ರಾವಣದ 500 ಮಿಲಿಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ಅದರ ಶಕ್ತಿ 100 ಕಿಲೊಕ್ಯಾಲರಿ ಮೀರುವುದಿಲ್ಲ. 40 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ವಾಂತಿಭೇದಿಯಿಂದ ನೀರಿನಂಶ ತೀವ್ರವಾಗಿ ನಷ್ಟವಾದಾಗ ಸಲೈನ್ ಜೀವರಕ್ಷಕ. ರಕ್ತಹೀನತೆಯ ಸುಸ್ತಿಗೆ ಅದು ಚಿಕಿತ್ಸೆಯಲ್ಲ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ನಿದ್ರೆ ಮತ್ತು ಆಹಾರ ಕ್ರಮ ಸರಿಪಡಿಸಿದ ಮೇಲೂ ಎರಡು-ಮೂರು ವಾರ ನಿಶ್ಶಕ್ತಿ ಮುಂದುವರಿದರೆ ರಕ್ತಪರೀಕ್ಷೆ ಮಾಡಿಸುವುದು ಸೂಕ್ತ. ಕೆಳಗಿನ ಲಕ್ಷಣಗಳಿದ್ದರೆ ತಡಮಾಡಬಾರದು:

- ಏದುಸಿರು, ಎದೆಬಡಿತ, ಎದೆನೋವು ಅಥವಾ ತಲೆಸುತ್ತು
- ಕಣ್ಣಿನ ಒಳರೆಪ್ಪೆ, ನಾಲಿಗೆ, ಅಂಗೈ ಬಿಳಿಚಿಕೊಳ್ಳುವುದು. ಮಣ್ಣು ಅಥವಾ ಬಳಪ ತಿನ್ನುವ ಬಯಕೆ
- ಕಾರಣವಿಲ್ಲದೆ ತೂಕ ಇಳಿಯುವುದು, ಸಂಜೆಯ ಜ್ವರ, ಎರಡು ವಾರ ಮೀರಿದ ಕೆಮ್ಮು
- ಅತಿಯಾದ ಬಾಯಾರಿಕೆ ಮತ್ತು ಪದೇ ಪದೇ ಮೂತ್ರ ವಿಸರ್ಜನೆ
- ಮುಟ್ಟಿನ ಅಧಿಕ ಸ್ರಾವ ಅಥವಾ ಕಪ್ಪು ಬಣ್ಣದ ಮಲ
- ಯಾವುದರಲ್ಲಿಯೂ ಆಸಕ್ತಿ ಇಲ್ಲದಿರುವುದು, ಬದುಕು ಬೇಡವೆನಿಸುವುದು

2018ರಲ್ಲಿ ಆರಂಭವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಡಿ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳು ಹಾಗೂ ಶಾಲೆಗಳ ಮೂಲಕ ಉಚಿತವಾಗಿ ವಿತರಿಸಲಾಗುತ್ತದೆ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಮಕ್ಕಳಿಗೆ ಅಲ್ಬೆಂಡಜೋಲ್ ಮಾತ್ರೆ ನೀಡಲಾಗುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಹಾಲು ಅಥವಾ ಚಹಾದೊಂದಿಗೆ ನುಂಗಬಾರದು. ಮಲ ಕಪ್ಪಾಗುವುದು ಈ ಮಾತ್ರೆಯ ಸಹಜ ಪರಿಣಾಮ. ಆ ಕಾರಣಕ್ಕೆ ಮಾತ್ರೆ ನಿಲ್ಲಿಸಬೇಕಿಲ್ಲ. ಹಿಮೋಗ್ಲೋಬಿನ್ ಸಹಜ ಮಟ್ಟಕ್ಕೆ ಬಂದ ಮೇಲೂ ದೇಹದ ಸಂಗ್ರಹ ತುಂಬಲು ವೈದ್ಯರು ಸೂಚಿಸಿದಷ್ಟು ಕಾಲ ಮಾತ್ರೆ ಮುಂದುವರಿಸಬೇಕಾಗುತ್ತದೆ. ರೊಟ್ಟಿ, ತಪ್ಪಲು, ಕಾಳುಗಳ ಆಹಾರವು ರಕ್ತಹೀನತೆ ಬಾರದಂತೆ ತಡೆಯಲು ನೆರವಾಗುತ್ತದೆ. ಆದರೆ ಈಗಾಗಲೇ ಉಂಟಾಗಿರುವ ತೀವ್ರ ಕೊರತೆಯನ್ನು ಆಹಾರದಿಂದ ಮಾತ್ರ ತುಂಬಲಾಗುವುದಿಲ್ಲ.

ಇವನ್ನೂ ನೋಡಿ

- ರಕ್ತಹೀನತೆ
- ನಿದ್ರೆ
- ಜೋಳದ ರೊಟ್ಟಿ
- ಕರದಂಟು
- ಅಶ್ವಗಂಧ
- ಬಾಗಲಕೋಟೆ ಜಿಲ್ಲೆ