ಮನೆಯ ಯೂನಿಟ್ಟಿನ ನಿಜವಾದ ಬೆಲೆ: ಮಣಲಿಯಲ್ಲಿ ವಿದ್ಯುತ್ ಕಾರಿನ ಚಾರ್ಜಿಂಗ್ ವೆಚ್ಚ

ವಿದ್ಯುತ್ ಕಾರನ್ನು ಮನೆಯಲ್ಲಿ ಚಾರ್ಜ್ ಮಾಡಿದರೆ ಅಗ್ಗ, ಸಾರ್ವಜನಿಕ ಫಾಸ್ಟ್ ಚಾರ್ಜರಿನಲ್ಲಿ ದುಬಾರಿ ಎಂಬ ಮಾತನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಮಾತು ಸುಳ್ಳಲ್ಲ. ಆದರೆ ಎಷ್ಟು ಅಗ್ಗ, ಯಾರಿಗೆ ಅಗ್ಗ ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ತಪ್ಪು ಲೆಕ್ಕದ್ದು. ತಮಿಳುನಾಡಿನ ಸ್ಲ್ಯಾಬ್ ಪದ್ಧತಿಯಲ್ಲಿ ಮನೆಯ ಯೂನಿಟ್ಟಿಗೆ ಒಂದೇ ಬೆಲೆ ಇಲ್ಲ. ಕಾರು ಕುಡಿಯುವ ಯೂನಿಟ್ಟುಗಳು ಬಿಲ್ಲಿನ ಮೇಲ್ತುದಿಯ ದುಬಾರಿ ಸ್ಲ್ಯಾಬುಗಳಲ್ಲೇ ಹೋಗಿ ಕೂರುತ್ತವೆ. ಹಾಗೆ ಎಣಿಸಿದರೂ ಮನೆಯೇ ಗೆಲ್ಲುತ್ತದೆ. ಉಳಿಯುವ ಅಂತರದಲ್ಲಿ ಕರೆಂಟಿನ ಪಾಲಿಗಿಂತ ಯಂತ್ರ ಮತ್ತು ತೆರಿಗೆಯ ಪಾಲೇ ಹೆಚ್ಚು. ಆದ್ದರಿಂದ ಈ ಅಂತರವನ್ನು ಭರಿಸುವವರು ಸ್ವಂತ ಪಾರ್ಕಿಂಗ್ ಜಾಗ ಇಲ್ಲದವರು ಎಂಬುದು ಈ ಲೇಖನದ ವಾದ.

ವಾದದ ಪರೀಕ್ಷೆಗೆ ಉತ್ತರ ಚೆನ್ನೈನ ಮಣಲಿ ತಕ್ಕ ಜಾಗ. 1960ರ ದಶಕದಲ್ಲಿ ತೈಲ ಸಂಸ್ಕರಣಾಗಾರ ಮತ್ತು ಮದ್ರಾಸ್ ಫರ್ಟಿಲೈಸರ್ಸ್ ನೆಲೆಯೂರಿದ ಮೇಲೆ ಕೈಗಾರಿಕಾ ಊರಾಗಿ ಬೆಳೆದ ಮಣಲಿ, 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಇಲ್ಲಿ ಸ್ವಂತ ಗೇಟಿನೊಳಗೆ ಕಾರು ನಿಲ್ಲಿಸುವ ಮನೆಗಳೂ ಇವೆ, ಬೀದಿಬದಿಯಲ್ಲೇ ವಾಹನ ನಿಲ್ಲಿಸಬೇಕಾದ ಬಾಡಿಗೆ ವಠಾರಗಳೂ ಇವೆ, ಹಗಲೆಲ್ಲ ನೌಕರರ ವಾಹನಗಳು ನಿಂತಿರುವ ಕಾರ್ಖಾನೆಗಳೂ ಇವೆ. ಮೂರಕ್ಕೂ ಕರೆಂಟು ಕೊಡುವುದು ಒಂದೇ ವಿತರಣಾ ನಿಗಮ.

ಮೊದಲು ಲೆಕ್ಕದ ಆಧಾರಗಳು. ತಿಂಗಳಿಗೆ 1,000 ಕಿ.ಮೀ. ಓಡುವ ಮಧ್ಯಮ ಗಾತ್ರದ ಕಾರು 100 ಕಿ.ಮೀ.ಗೆ ಗೋಡೆಯ ಪ್ಲಗ್ಗಿನಿಂದ 16 ಯೂನಿಟ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ತಮಿಳುನಾಡಿನಲ್ಲಿ ಬಿಲ್ಲು ಬರುವುದು ಎರಡು ತಿಂಗಳಿಗೊಮ್ಮೆ. ಆ ಅವಧಿಗೆ 320 ಯೂನಿಟ್. ಮನೆಯಲ್ಲಿ ಎಸಿಯಿಂದ ಡಿಸಿಗೆ ಪರಿವರ್ತನೆ ಕಾರಿನೊಳಗೇ ನಡೆಯುವುದರಿಂದ ಸುಮಾರು ಶೇ. 10ರ ನಷ್ಟ ಮಾಲೀಕನ ಮೀಟರಿನಲ್ಲೇ ದಾಖಲಾಗುತ್ತದೆ. ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಆ ಪರಿವರ್ತನೆ ಯಂತ್ರದೊಳಗೆ ಮುಗಿದಿರುತ್ತದೆ, ಗ್ರಾಹಕನಿಗೆ ಬಿಲ್ಲಾಗುವುದು ಕಾರಿಗೆ ಇಳಿದ 288 ಯೂನಿಟ್ ಮಾತ್ರ. ಎರಡೂ ಕಡೆಯ ಯೂನಿಟ್ಟನ್ನು ಒಂದೇ ಎಂದು ಹಿಡಿಯುವ ತುಲನೆಗಳು ಈ ಹಂತದಲ್ಲೇ ಎಡವುತ್ತವೆ. ಇನ್ನು ದರ. 2024ರ ಜುಲೈ ಪರಿಷ್ಕರಣೆಯ ಬಳಿಕ ಗೃಹಬಳಕೆದಾರ ಕೊಡುವುದು ಹೀಗೆ: ಮೊದಲ 100 ಯೂನಿಟ್ ಉಚಿತ, 400ರವರೆಗೆ 4.70 ರೂ., 500ರವರೆಗೆ 6.30, 600ರವರೆಗೆ 8.40, 800ರವರೆಗೆ 9.45, 1,000ದವರೆಗೆ 10.50, ಅದಕ್ಕೆ ಮೇಲ್ಪಟ್ಟು 11.55 ರೂ. ಒಟ್ಟು ಬಳಕೆ 500 ದಾಟದಿದ್ದರೆ ಎರಡನೆಯ ನೂರಕ್ಕೆ 2.35 ರೂ. ಮಾತ್ರ. ಈ ಕೊನೆಯ ರಿಯಾಯಿತಿಯ ಪರಿಣಾಮವನ್ನು ಹತ್ತಿರದಿಂದ ನೋಡಬೇಕು: 500 ಯೂನಿಟ್ಟಿನ ಬಿಲ್ಲು 1,805 ರೂ., 501ರದ್ದು 2,048.40 ರೂ. ಆ ಒಂದೇ ಯೂನಿಟ್ಟಿನ ಬೆಲೆ 243.40 ರೂ.

ಈಗ ಮೂರು ಮನೆಗಳನ್ನು ಎಣಿಸಿಕೊಳ್ಳೋಣ. ಎರಡು ತಿಂಗಳಿಗೆ 300 ಯೂನಿಟ್ ಬಳಸುವ ಮನೆಯ ಬಿಲ್ಲು 705 ರೂ.; ಕಾರು ಬಂದ ಮೇಲೆ 620 ಯೂನಿಟ್ಟಿಗೆ 3,069 ರೂ. ಕಾರಿನ ಪಾಲು 2,364 ರೂ., ಅಂದರೆ ಯೂನಿಟ್ಟಿಗೆ 7.39 ರೂ., 100 ಕಿ.ಮೀ.ಗೆ 118 ರೂ. ಏರ್ ಕಂಡಿಷನರ್ ಓಡುವ, 700 ಯೂನಿಟ್ ಬಳಸುವ ಮನೆಯ ಬಿಲ್ಲು 3,825ರಿಂದ 7,101 ರೂ.ಗೆ ಏರುತ್ತದೆ; ಇಲ್ಲಿ ಕಾರಿನ ಯೂನಿಟ್ಟಿಗೆ 10.24 ರೂ., 100 ಕಿ.ಮೀ.ಗೆ 164 ರೂ. ಮೊದಲೇ ಸಾವಿರ ದಾಟಿದ ಮನೆಗೆ ಪ್ರತಿ ಯೂನಿಟ್ಟೂ 11.55 ರೂ., 100 ಕಿ.ಮೀ.ಗೆ 185 ರೂ. ಸಾರ್ವಜನಿಕ ಫಾಸ್ಟ್ ಚಾರ್ಜಿಂಗಿಗೆ ನಮ್ಮ ನಗರಗಳಲ್ಲಿ ತೆರಿಗೆ ಸೇರಿ ಯೂನಿಟ್ಟಿಗೆ 18ರಿಂದ 25 ರೂ. ಸಾಮಾನ್ಯ. ನಡುವಿನ 22 ರೂ. ಹಿಡಿದರೆ 100 ಕಿ.ಮೀ.ಗೆ 317 ರೂ. ಹಾಗಾಗಿ ಫಾಸ್ಟ್ ಚಾರ್ಜಿಂಗ್ ಮೊದಲ ಮನೆಗೆ 2.7 ಪಟ್ಟು ದುಬಾರಿ, ಮೂರನೆಯದಕ್ಕೆ 1.7 ಪಟ್ಟು. 18 ರೂ.ಗೆ ಸಿಗುವ ಚಾರ್ಜರಿನ ಎದುರು ಮೂರನೆಯ ಮನೆಯ ಲಾಭ ಇನ್ನೂ ಕುಗ್ಗಿ 1.4 ಪಟ್ಟಿಗೆ ಇಳಿಯುತ್ತದೆ.

ಬಿಲ್ಲಿನ ಮೊತ್ತವನ್ನು ಯೂನಿಟ್ಟುಗಳಿಂದ ಭಾಗಿಸಿ ಸರಾಸರಿ ಹಿಡಿದರೆ ಸಾಲದೇ ಎಂಬುದು ಮೊದಲ ಆಕ್ಷೇಪ. ಹಾಗೆ ಮಾಡಿದರೆ ಮೊದಲ ಮನೆಯ ಯೂನಿಟ್ಟು 4.95 ರೂ.ಗೆ ಇಳಿದು, ಕಾರಿನ ವೆಚ್ಚ 100 ಕಿ.ಮೀ.ಗೆ 79 ರೂ. ಎಂದು ತೋರುತ್ತದೆ. ಆದರೆ ಉಚಿತ ನೂರು ಯೂನಿಟ್ ಕಾರು ಬರುವ ಮುಂಚೆಯೂ ಆ ಮನೆಗೆ ಸಿಗುತ್ತಿತ್ತು. ದೀಪ, ಫ್ಯಾನು, ಫ್ರಿಜ್ಜಿನ ರಿಯಾಯಿತಿಯನ್ನು ಕಾರಿನ ಖಾತೆಗೆ ಜಮಾ ಮಾಡುವುದು ಸರಿಯಲ್ಲ. ಕಾರು ತಂದ ಹೆಚ್ಚುವರಿ ಖರ್ಚೇ ಕಾರಿನ ಖರ್ಚು. ಕರ್ನಾಟಕದೊಡನೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ 2024ರಲ್ಲಿ ಗೃಹಬಳಕೆಯ ಸ್ಲ್ಯಾಬುಗಳು ಹೋಗಿ ಏಕದರ ಬಂತು. 2025ರ ಏಪ್ರಿಲಿನಿಂದ ಯೂನಿಟ್ಟಿಗೆ 5.80 ರೂ. ಸರ್‌ಚಾರ್ಜು, ತೆರಿಗೆ ಬಿಟ್ಟು, ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲೆಕ್ಕ ಬದಿಗಿಟ್ಟರೆ ಬೆಂಗಳೂರಿನ ಕಾರಿಗೆ 100 ಕಿ.ಮೀ.ಗೆ ಸುಮಾರು 93 ರೂ., ಮನೆಯಲ್ಲಿ ಏರ್ ಕಂಡಿಷನರ್ ಇರಲಿ ಬಿಡಲಿ. ಹಾಗಾಗಿ ಬೆಂಗಳೂರಿನ ಅಂಕಿಯನ್ನು ಚೆನ್ನೈಗೆ ಎತ್ತಿಡುವಂತಿಲ್ಲ.

ಫಾಸ್ಟ್ ಚಾರ್ಜಿಂಗ್ ಇಷ್ಟು ದುಬಾರಿಯಾಗಲು ಕಾರಣವೇನು? ಚಾರ್ಜಿಂಗ್ ಎಂಬುದು ವಿದ್ಯುತ್ ಮಾರಾಟವಲ್ಲ, ಸೇವೆ ಎಂದು ಕೇಂದ್ರ ಇಂಧನ ಸಚಿವಾಲಯ 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಇದರಿಂದ ಲೈಸೆನ್ಸಿನ ತೊಡಕು ತಪ್ಪಿ ಖಾಸಗಿಯವರಿಗೆ ದಾರಿ ತೆರೆಯಿತು. ಅದೇ ತರ್ಕ ತೆರಿಗೆಯನ್ನೂ ತಂದಿತು: ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಅರ್ಜಿಯ ಮೇಲೆ 2023ರಲ್ಲಿ ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ, ಚಾರ್ಜಿಂಗಿನ ಪೂರ್ತಿ ಮೊತ್ತಕ್ಕೆ ಶೇ. 18ರ ಜಿಎಸ್‌ಟಿ ಅನ್ವಯ ಎಂದಿತು. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ಅದೇ ವರ್ಷ ಸಚಿವಾಲಯ ನಿಗದಿ ಮಾಡಿದ ಸೇವಾಶುಲ್ಕದ ಮಿತಿಯೂ ಗಮನಾರ್ಹ: ಹಗಲಿನ ಸೌರ ಅವಧಿಯಲ್ಲಿ ನಿಧಾನಗತಿಯ ಎಸಿ ಚಾರ್ಜಿಂಗಿಗೆ ಯೂನಿಟ್ಟಿಗೆ 2.50 ರೂ., ಡಿಸಿ ಫಾಸ್ಟ್ ಚಾರ್ಜಿಂಗಿಗೆ 10 ರೂ. ವ್ಯತ್ಯಾಸದ ಮೂಲ ಯಂತ್ರದ ಬಂಡವಾಳ. ಉದಾಹರಣೆಗೆ, 60 ಕಿಲೋವ್ಯಾಟ್ ಚಾರ್ಜರಿಗೆ 15 ಲಕ್ಷ ರೂ. ತಗಲಿ ಅದನ್ನು ಏಳು ವರ್ಷದಲ್ಲಿ ಹಿಂಪಡೆಯಬೇಕು ಎಂದಿಟ್ಟುಕೊಂಡರೆ, ಬಡ್ಡಿ ಬಿಟ್ಟೂ ದಿನಕ್ಕೆ ಸುಮಾರು 587 ರೂ. ಯಂತ್ರ ದಿನಕ್ಕೆ ಒಂದೇ ಗಂಟೆ ದುಡಿದರೆ ಆ ಹೊರೆ ಯೂನಿಟ್ಟಿಗೆ 9.80 ರೂ.; ನಾಲ್ಕು ಗಂಟೆ ದುಡಿದರೆ 2.45 ರೂ. ಗ್ರಾಹಕ ತೆರುವ ಹಣದ ದೊಡ್ಡ ಪಾಲು ಯಂತ್ರ ಖಾಲಿ ನಿಂತ ಹೊತ್ತಿನ ಬೆಲೆ.

ಹಾಗಿದ್ದರೆ ಬಳಕೆ ಹೆಚ್ಚಿದಂತೆ ಫಾಸ್ಟ್ ಚಾರ್ಜಿಂಗ್ ಅಗ್ಗವಾಗಿ ಸಮಸ್ಯೆ ತಾನೇ ಬಗೆಹರಿಯುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಸೌರ ಅವಧಿಯ ವಿದ್ಯುತ್ ದರವನ್ನು ಸರಾಸರಿ ಪೂರೈಕೆ ವೆಚ್ಚದ 0.7 ಪಟ್ಟಿಗೆ ಮಿತಿಗೊಳಿಸಿದ ಸಚಿವಾಲಯದ 2024ರ ಮಾರ್ಗಸೂಚಿ ಈ ಭರವಸೆಗೆ ಬಲ ಕೊಡುತ್ತದೆ. ಆದರೆ ಅದೇ ಮಾರ್ಗಸೂಚಿ ಉಳಿದ ಅವಧಿಗೆ 1.3 ಪಟ್ಟು ಇಟ್ಟಿದೆ. ಸೌರ ಅವಧಿಯಲ್ಲಿ, ಅಂದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ, ಕಾರ್ಖಾನೆಯೊಳಗಿರುವ ನೌಕರ ಚಾರ್ಜರಿನ ಮುಂದೆ ಹೋಗಿ ನಿಲ್ಲುವುದು ದುಬಾರಿ ಹೊತ್ತಿನಲ್ಲೇ. ಮೂರನೆಯ ಆಕ್ಷೇಪ, ಮನೆಯಲ್ಲಿ ಚಾರ್ಜರ್ ಕೂರಿಸುವ ಖರ್ಚನ್ನು ಕೈಬಿಟ್ಟಿದ್ದೇವೆ ಎಂಬುದು. ದಿನಕ್ಕೆ 33 ಕಿ.ಮೀ.ಗೆ ಬೇಕಾದದ್ದು 5.3 ಯೂನಿಟ್, ಅರ್ಥಿಂಗ್ ಸರಿಯಿರುವ 15 ಆಂಪಿಯರ್ ಸಾಕೆಟ್ಟು ಅದನ್ನು ಎರಡು ಗಂಟೆಯೊಳಗೆ ತುಂಬುತ್ತದೆ. ಗೋಡೆಗೆ ದುಬಾರಿ ಪೆಟ್ಟಿಗೆ ಬೇಕೇಬೇಕೆಂದಿಲ್ಲ.

ಬೇಕಾದದ್ದು ಆ ಸಾಕೆಟ್ಟಿಗೆ ಎಟಕುವಂತೆ ಕಾರು ನಿಲ್ಲಿಸುವ ಜಾಗ. ಬಾಡಿಗೆದಾರನಿಗೆ ಅದಿಲ್ಲ, ಇದ್ದರೂ ಓನರ್ ಸಬ್‌ಮೀಟರ್ ಇಟ್ಟು ತಾನೇ ದರ ಕಟ್ಟಿದರೆ ಸ್ಲ್ಯಾಬಿನ ಕೆಳಮೆಟ್ಟಿಲು ಅವನಿಗೆ ದಕ್ಕುವುದಿಲ್ಲ. ಬೀದಿಯಲ್ಲಿ ಕಾರು ನಿಲ್ಲಿಸುವವನು ವರ್ಷಕ್ಕೆ 12,000 ಕಿ.ಮೀ.ಗೆ ಸುಮಾರು 38,000 ರೂ. ತೆತ್ತರೆ, ಗೇಟಿರುವ ಮೊದಲ ಮನೆಯವನು ಸುಮಾರು 14,200 ರೂ. ತೆರುತ್ತಾನೆ. ಪೆಟ್ರೋಲಿಗಿಂತ ಎರಡೂ ಕಡಿಮೆಯೇ, ನಿಜ. ಲೀಟರಿಗೆ 100 ರೂ., 15 ಕಿ.ಮೀ. ಮೈಲೇಜ್ ಎಂದರೂ 80,000 ರೂ. ಆಗುತ್ತದೆ. ಆದರೆ ಉಳಿತಾಯದ ಹಂಚಿಕೆ ಜಮೀನಿನ ಒಡೆತನವನ್ನು ಅನುಸರಿಸಿದರೆ, ಕಾರು ಕೊಳ್ಳಲು ಕೊಡುವ ಸಬ್ಸಿಡಿ ಅದನ್ನು ಸರಿಪಡಿಸಲಾರದು.

ಇದಕ್ಕೆ ಮದ್ದು ಇನ್ನಷ್ಟು ಫಾಸ್ಟ್ ಚಾರ್ಜರುಗಳಲ್ಲ. ಅವು ಹೆದ್ದಾರಿಯ ಅಗತ್ಯ. ಊರೊಳಗೆ ಬೇಕಾದದ್ದು ವಾಹನ ಹೇಗೂ ನಿಂತಿರುವ ಕಡೆ ನಿಧಾನವಾಗಿ ತುಂಬುವ ಅಗ್ಗದ ಎಸಿ ಪಾಯಿಂಟುಗಳು. ಮಣಲಿಯ ಕಾರ್ಖಾನೆಗಳಲ್ಲಿ ಅಪಾಯದ ವಲಯದ ಹೊರಗಿರುವ ಪಾರ್ಕಿಂಗಿನಲ್ಲಿ ಅವನ್ನು ಹಾಕಿದರೆ ಸೌರ ಅವಧಿಯ ರಿಯಾಯಿತಿ ನೌಕರನಿಗೇ ಮುಟ್ಟುತ್ತದೆ. ದರ ಎಷ್ಟಿರಬೇಕೆಂಬುದನ್ನೂ ಮೊದಲ ಮನೆಯ ಲೆಕ್ಕವೇ ಹೇಳುತ್ತದೆ: ಮನೆಯಲ್ಲಿ 200 ಯೂನಿಟ್ ತುಂಬಿ ಬಿಲ್ಲನ್ನು 500ಕ್ಕೆ ನಿಲ್ಲಿಸಿದರೆ ಆ ಪಾಲಿಗೆ ಯೂನಿಟ್ಟಿಗೆ 5.50 ರೂ.; ಮಿಕ್ಕ 120 ಯೂನಿಟ್ಟನ್ನೂ ಮನೆಯಲ್ಲೇ ತುಂಬಿದರೆ ಅವುಗಳಿಗೆ 10.53 ರೂ. ಬೀಳುತ್ತದೆ. ತೆರಿಗೆ ಸೇರಿ ಅದಕ್ಕಿಂತ ಕಡಿಮೆಗೆ ಸಿಗುವ ಎಸಿ ಪಾಯಿಂಟು ಸ್ವಂತ ಪಾರ್ಕಿಂಗ್ ಇಲ್ಲದವನ ಖರ್ಚನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ, ಪಾರ್ಕಿಂಗ್ ಇರುವವನಿಗೂ 500ರ ಗಡಿ ದಾಟದಂತೆ ನೆರವಾಗುತ್ತದೆ. ನೀತಿ ರೂಪಿಸುವವರು ಗುರಿಯಿಡಬೇಕಾದ ಅಂಕಿ ಇದು.