ಕ್ಯಾಮೆರಾ
ಲ್ಯಾಟಿನ್ ಭಾಷೆಯಲ್ಲಿ ‘ಕ್ಯಾಮೆರಾ’ ಎಂದರೆ ಕಮಾನು ಚಾವಣಿಯ ಕೋಣೆ. ಕತ್ತಲೆಗವಿದ ಕೋಣೆಯೊಂದರ ಸಣ್ಣ ರಂಧ್ರದಿಂದ ಒಳಹೊಕ್ಕ ಬೆಳಕು ಎದುರುಗೋಡೆಯ ಮೇಲೆ ಹೊರಗಣ ದೃಶ್ಯವನ್ನು ತಲೆಕೆಳಗಾಗಿ ಮೂಡಿಸುವ ಏರ್ಪಾಟನ್ನು ಖಗೋಳಜ್ಞ ಕೆಪ್ಲರನು 1604ರಲ್ಲಿ ‘ಕ್ಯಾಮೆರಾ ಅಬ್ಸ್ಕ್ಯೂರಾ’, ಎಂದರೆ ಕತ್ತಲೆಯ ಕೋಣೆ, ಎಂದು ಕರೆದನು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ತಲೆಕೆಳಗಾದ ನೆರಳನ್ನು ಕಂಡು ಬೆರಗಾದವರಿಗೆ ಈ ಪದದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಅವರು ಕ್ಯಾಮೆರಾದ ಒಳಗೇ ನಿಂತು ಬಂದವರು. ಇಂದಿನ ಡಿಜಿಟಲ್ ಯಂತ್ರದಲ್ಲಿಯೂ ಆ ಕೋಣೆಯೇ ಅಂಗೈಯಗಲಕ್ಕೆ ಕುಗ್ಗಿ, ರಂಧ್ರವು ಅಪರ್ಚರ್ ಎಂದೂ, ಕ್ಷಣಕಾಲ ತೆರೆದು ಮುಚ್ಚುವ ಕದವು ಷಟರ್ ಎಂದೂ, ಬಿಂಬವನ್ನು ಹೊರುವ ಗೋಡೆಯು ಸೆನ್ಸರ್ ಎಂದೂ ಹೆಸರು ಪಡೆದಿವೆ. ನಮ್ಮ ‘ಛಾಯಾಗ್ರಹಣ’ವಾದರೋ, ಸಂಸ್ಕೃತದ ‘ಛಾಯಾ’ ಶಬ್ದಕ್ಕೆ ನೆರಳು, ಪ್ರತಿಬಿಂಬ, ಕಾಂತಿ ಎಂಬ ಮೂರರ್ಥಗಳೂ ಸಲ್ಲುವುದರಿಂದ, ನನಗೆ ಇನ್ನೂ ಪ್ರಿಯವಾದ ಪದ.