ಖಾದ್ಯಪಟಲ: ಸಸ್ಯತೈಲಯುಕ್ತ ಆಹಾರಾವರಣಗಳ ಚರಿತ್ರೆ

ಆಹಾರಪದಾರ್ಥದ ಮೈಗೆ ಅಂಟಿಕೊಂಡೋ ಅದನ್ನು ಸುತ್ತುಗಟ್ಟಿಕೊಂಡೋ ಇದ್ದು, ಕೊನೆಗೆ ಆಹಾರದೊಡನೆಯೇ ಭಕ್ಷಿಸಲ್ಪಡುವ ತೆಳುವಾದ ಪೊರೆಗೆ ಖಾದ್ಯಪಟಲವೆಂದು ಹೆಸರು. ಪಿಷ್ಟ, ಸಸಾರಜನಕ, ಪೆಕ್ಟಿನ್, ಕೈಟೊಸಾನ್ ಮೊದಲಾದವು ಇದರ ಉಪಾದಾನಗಳು. ಇವುಗಳೊಳಗೆ ಸುಗಂಧತೈಲವನ್ನು ಸೂಕ್ಷ್ಮಬಿಂದುಗಳಾಗಿ ಬೆರೆಸಿ ಬೂಷ್ಟನ್ನು ನಿವಾರಿಸುವ ಉದ್ಯಮವು ಈಚಿನದೇ ಆದರೂ, ಪೊರೆಯ ವಿದ್ಯೆಯೂ ತೈಲದ ವಿದ್ಯೆಯೂ ಪ್ರತ್ಯೇಕವಾಗಿ ಬಹು ಪ್ರಾಚೀನವಾದುವು. ಅವೆರಡೂ ಬಹುಕಾಲ ಒಂದನ್ನೊಂದು ಅರಿಯದೆಯೇ ಬೆಳೆದು ಬಂದುವು.

ತೈಲದ ವಿದ್ಯೆಯನ್ನು ನಮ್ಮವರು ಅಡಿಗೆಮನೆಯಲ್ಲಿಯೇ ಕಲಿತರು. ಉಪ್ಪಿನಕಾಯಿಯ ಭರಣಿಯಲ್ಲಿ ಎಣ್ಣೆ ಮೇಲೆ ನಿಲ್ಲುವಂತೆ ಸುರಿಯುವುದು ಗಾಳಿಯನ್ನು ತಡೆಯುವ ಉಪಾಯ. ಅದೇ ಭರಣಿಗೆ ಮೊದಲು ಇಂಗಿನ ಹೊಗೆ ಹಿಡಿಯುವುದು ಸುವಾಸಿತ ಆವಿಯಿಂದ ಕಾಯಿಯನ್ನು ಕಾಯುವ ಉಪಾಯ. ಇವೆರಡನ್ನೂ ಒಂದೇ ಎಂದು ಭ್ರಮಿಸಬಾರದು. ಎಳ್ಳೆಣ್ಣೆಯು ಬೂಷ್ಟಿಗೆ ಉಸಿರಾಡಲು ಎಡೆಗೊಡುವುದಿಲ್ಲವೇ ಹೊರತು ಅದನ್ನು ಕೊಲ್ಲುವುದಿಲ್ಲ. ಲವಂಗ, ದಾಲ್ಚಿನ್ನಿ, ಮಜ್ಜಿಗೆಹುಲ್ಲುಗಳ ಸುಗಂಧತೈಲವಾದರೋ ಶಿಲೀಂಧ್ರದ ಜೀವಕೋಶದ ಪೊರೆಯನ್ನೇ ಭೇದಿಸಿ ಒಳಗಿನ ದ್ರವ್ಯವು ಸೋರಿಹೋಗುವಂತೆ ಮಾಡುತ್ತದೆ.

ಪೊರೆಯ ವಿದ್ಯೆಗೆ ಮೊದಲ ನಿದರ್ಶನವಾಗಿ ಹನ್ನೆರಡು–ಹದಿಮೂರನೆಯ ಶತಮಾನಗಳ ಚೀನದೇಶವನ್ನು ಹೇಳುವುದು ವಾಡಿಕೆ. ಅಲ್ಲಿ ಕಿತ್ತಳೆ ನಿಂಬೆಗಳಿಗೆ ಮೇಣ ಸವರುತ್ತಿದ್ದರು. ಜಪಾನಿನಲ್ಲಿ ಸೋಯಾ ಹಾಲಿನ ಮೇಲೆ ಕಟ್ಟುವ ಕೆನೆಯನ್ನೇ ಎತ್ತಿ ಒಣಗಿಸಿ ‘ಯೂಬ’ ಎಂಬ ಹಾಳೆಯನ್ನು ಮಾಡಿದರು. ಅಮೆರಿಕದಲ್ಲಿ 1869ರಷ್ಟು ಹಿಂದೆಯೇ ಮಾಂಸಕ್ಕೆ ಜೆಲಟಿನ್ ಲೇಪಿಸುವ ಕ್ರಮಕ್ಕೆ ಪೇಟೆಂಟು ದೊರೆಯಿತು. ಇಷ್ಟು ದೂರ ಹೋಗಬೇಕಾದುದೂ ಇಲ್ಲ: ಅಕ್ಕಿಯ ಹಿಟ್ಟನ್ನು ಗಂಜಿಯಾಗಿ ಕುದಿಸಿ, ಬಟ್ಟೆಯ ಮೇಲೆ ತೆಳ್ಳಗೆ ಹರಡಿ ಬಿಸಿಲಿಗಿಟ್ಟು ಹಪ್ಪಳ ಸಂಡಿಗೆ ಮಾಡುವ ಗೃಹಿಣಿಯ ಕೆಲಸಕ್ಕೂ, ಗ್ಲಿಸರಾಲ್ ಬೆರೆಸಿದ ಪಿಷ್ಟದ್ರಾವಣವನ್ನು ಗಾಜಿನ ತಟ್ಟೆಯ ಮೇಲೆ ಎರೆದು ಆರಿಸುವ ಪ್ರಯೋಗಶಾಲೆಯ ಕೆಲಸಕ್ಕೂ ತತ್ತ್ವತಃ ಭೇದವಿಲ್ಲ. ಗ್ಲಿಸರಾಲ್ ಇಲ್ಲದುದರಿಂದ ಸಂಡಿಗೆಯು ಮುರಿಯುತ್ತದೆ, ಅದಿರುವುದರಿಂದ ಪಟಲವು ಬಾಗುತ್ತದೆ, ಅಷ್ಟೇ.

ಕನ್ನಡನಾಡಿನಲ್ಲಿ ಈ ವಿಷಯದ ವ್ಯವಸ್ಥಿತ ಶೋಧನೆಯು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರ ಅಕ್ಟೋಬರ್ 21ರಂದು ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಕ್ಕೆ ಸೇರಿದುದು. ಅದು ಮೊದಲು ರೂಪಿಸಿದುದು ಹಣ್ಣುಗಳಿಗೆ ಸವರುವ, ಶಿಲೀಂಧ್ರನಾಶಕ ರಾಸಾಯನಿಕ ಬೆರೆತ ಮೇಣದ ಎಮಲ್ಶನ್ನನ್ನು. ಪೊರೆಯೂ ವಿಷವೂ ಒಂದಾದುದು ಹೀಗೆ, ತೈಲಕ್ಕೆ ಇನ್ನೂ ಪ್ರವೇಶವಿರಲಿಲ್ಲ. 2002ರಲ್ಲಿ ಅದೇ ಸಂಶೋಧನಾಲಯದ ಆರ್. ಎನ್. ಥಾರಾನಾಥನ್ ಮತ್ತು ಅವರ ಸಹಕಾರಿಗಳು ಸಿಗಡಿಯ ಚಿಪ್ಪಿನಿಂದ ಪಡೆಯಲಾಗುವ ಕೈಟೊಸಾನಿನ ಪಟಲದಿಂದ ಮಾವಿನಹಣ್ಣನ್ನು ಸಂರಕ್ಷಿಸಿದ ಪರೀಕ್ಷೆಯ ಫಲಗಳನ್ನು ಪ್ರಕಟಿಸಿದರು. ಕೈಟೊಸಾನ್ ತಾನೇ ಶಿಲೀಂಧ್ರವಿರೋಧಿಯಾದುದರಿಂದ ಬೇರೆ ತೈಲದ ಆವಶ್ಯಕತೆಯು ಅಲ್ಲಿ ಅಷ್ಟಾಗಿ ಕಾಣಲಿಲ್ಲ. ಆದರೆ ಸಿಗಡಿಯ ಮೂಲವು ಸಸ್ಯಾಹಾರಿಯ ಮನಸ್ಸಿಗೆ ಒಗ್ಗುವುದೇ ಎಂಬ ಪ್ರಶ್ನೆಯು ನಮ್ಮ ಸಮಾಜದಲ್ಲಿ ಲಘುವಾದುದಲ್ಲ.

ತೈಲದ ಕಡೆಯ ಕಥೆಯನ್ನು ಹೇಳಲು ಆಸ್ಟ್ರೇಲಿಯಕ್ಕೆ ಹೋಗಬೇಕು. ಸಿಡ್ನಿಯ ವಸ್ತುಸಂಗ್ರಹಾಲಯದ ರಸಾಯನಶಾಸ್ತ್ರಜ್ಞ ಆರ್ಥರ್ ಪೆನ್‌ಫೋಲ್ಡನು 1920ರ ದಶಕದಲ್ಲಿ ಟೀ-ಟ್ರೀ ಎಂಬ ಆ ದೇಶದ ಮರದ ಎಣ್ಣೆಯು ಕಾರ್ಬಾಲಿಕ್ ಆಮ್ಲಕ್ಕಿಂತ ಹತ್ತು ಮಡಿಗೂ ಮಿಗಿಲಾದ ರೋಗಾಣುನಾಶಕವೆಂದು ತೋರಿಸಿದನು. ಅದು ಹೇಗೆ ಕೊಲ್ಲುತ್ತದೆಂಬುದನ್ನು ಬಿಡಿಸಿ ಹೇಳುವುದರಲ್ಲಿ ಪರ್ತ್ ನಗರದ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾನಿಲಯದ ಹ್ಯಾಮರ್, ಕಾರ್ಸನ್, ರೈಲಿ ಇವರ ಪಾಲು ದೊಡ್ಡದು; ಟರ್ಪಿನೆನ್-4-ಆಲ್ ಎಂಬ ಘಟಕವು ಯೀಸ್ಟಿನ ಕೋಶಪೊರೆಯನ್ನು ಸಡಿಲಗೊಳಿಸುವುದನ್ನು ಅವರು ನಿರೂಪಿಸಿದರು. ಆದರೆ ಈ ಎಣ್ಣೆಯು ಹೊಟ್ಟೆಗೆ ಹೋದರೆ ವಿಷ. ಪಟಲಕ್ಕೆ ಅದನ್ನು ಬೆರೆಸಿದವರು ಅಂಥ ಪಟಲವನ್ನು ಖಾದ್ಯವೆನ್ನುವುದು ಸಾಹಸವೇ ಸರಿ.

ತಿನ್ನಲು ಯೋಗ್ಯವಾದ ತೈಲವೊಂದು ಅದೇ ದೇಶದ ಕ್ವೀನ್ಸ್‌ಲ್ಯಾಂಡ್ ಪ್ರಾಂತ್ಯದ ಮಳೆಕಾಡಿನಲ್ಲೇ ಇತ್ತು. ಲೆಮನ್ ಮಿರ್ಟಲ್ ಎಂಬ ಆ ಮರದ ಎಲೆಯ ಎಣ್ಣೆಯಲ್ಲಿ ಶೇಕಡ 90ಕ್ಕೂ ಮಿಗಿಲಾಗಿ ಸಿಟ್ರಾಲ್ ಎಂಬ ನಿಂಬೆವಾಸನೆಯ ಘಟಕವು ಇರಬಲ್ಲುದು. ನಮ್ಮ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅದು ಸುಮಾರು 70ರಿಂದ 80. ಜರ್ಮನಿಯಲ್ಲಿ 1888ರಷ್ಟು ಹಿಂದೆಯೇ ಲೆಮನ್ ಮಿರ್ಟಲ್ ಎಣ್ಣೆಯಿಂದ ಸಿಟ್ರಾಲನ್ನು ಬೇರ್ಪಡಿಸಿದ್ದರು.  ಅದೇ ಪ್ರಾಂತ್ಯದ ಬ್ರಿಸ್ಬೇನ್ ನಗರದಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯವಿದೆ. ಪೊರೆ, ತೈಲ ಎರಡರ ಶೋಧನೆಗೂ ಈ ಒಂದೇ ವಿದ್ಯಾಪೀಠವು ಆಶ್ರಯವಾದುದು ಗಮನಾರ್ಹ. ಹೆಚ್ಚು ಅಮೈಲೋಸ್ ಇರುವ ಮೆಕ್ಕೆಜೋಳದ ಪಿಷ್ಟದಿಂದ ನೀರಿನಲ್ಲಿ ಕರಗುವ ಆವರಣವನ್ನು ಮಾಡುವ ಶೋಧನೆಯಲ್ಲಿ ಪೀಟರ್ ಹ್ಯಾಲಿ ಮೊದಲಾದ ಇಲ್ಲಿನವರು ಪಾಲ್ಗೊಂಡರು. ಅದರಿಂದ ಹುಟ್ಟಿದ ಪ್ಲಾಂಟಿಕ್ ಸಂಸ್ಥೆಯು ಚಾಕೊಲೇಟ್ ಪೆಟ್ಟಿಗೆಗಳ ಒಳತಟ್ಟೆಗಳನ್ನು ಮಾರುಕಟ್ಟೆಗೆ ತಂದಿತು. ಅದು ಆಹಾರವೆಂದು ಮಾರಾಟವಾದುದಲ್ಲ. ಇತ್ತ ಭೇಶ್ ಭಂಡಾರಿ ಮತ್ತು ಅವರ ಸಂಗಡಿಗರು 2008ರಲ್ಲಿ ಲೆಮನ್ ಮಿರ್ಟಲ್ ಎಣ್ಣೆಯನ್ನು ಸೂಕ್ಷ್ಮಕೋಶಗಳಲ್ಲಿ ಬಂಧಿಸಿ ಪುಡಿಯಾಗಿಸುವ ಕ್ರಮವನ್ನು ವಿವರಿಸಿದರು. ಬೇಗ ಹಾರಿಹೋಗುವ ತೈಲಕ್ಕೆ ಪೊರೆಯೊಳಗೆ ಪೊರೆ ಹೊದಿಸುವ ಉಪಾಯವಿದು.

ಎರಡು ವಿದ್ಯೆಗಳ ಸಂಗಮಕ್ಕೆ ಹೆಸರುವಾಸಿಯಾದ ಉದಾಹರಣೆ ಅಮೆರಿಕದ್ದು: 2006ರಲ್ಲಿ ರೋಹಾಸ್-ಗ್ರಾವು ಮುಂತಾದವರು ಸೇಬಿನ ತಿರುಳಿನ ಪಟಲಕ್ಕೆ ಓರಿಗ್ಯಾನೊ, ದಾಲ್ಚಿನ್ನಿ, ಮಜ್ಜಿಗೆಹುಲ್ಲುಗಳ ಎಣ್ಣೆಯನ್ನು ಬೆರೆಸಿದರು. ಅವರ ಗುರಿ ಬೂಷ್ಟಲ್ಲ, ಈ. ಕೋಲೈ ಎಂಬ ಏಕಾಣುಜೀವಿ. ಕರಾವಳಿಯ ಮತ್ತು ಕಾಸರಗೋಡಿನ ಓದುಗರಿಗೆ ಇದು ಎಣ್ಣೆ ಹಾಕಿದ ಮಾಂಬಳ, ಎಂದರೆ ಮಾವಿನ ರಸವನ್ನು ಒಣಗಿಸಿದ ಹಾಳೆ, ಎಂದರೆ ಸಾಕು, ಅರ್ಥವಾಗುತ್ತದೆ.

ತೈಲವು ನೀರಿಗೆ ವಿಮುಖವಾದುದರಿಂದ ಪಟಲದ ಮೂಲಕ ತೇವವು ಸಾಗುವುದನ್ನೂ ಕುಂದಿಸುತ್ತದೆ. ಆದರೆ ಬಿಂದುಗಳು ಹೆಚ್ಚಾದಷ್ಟೂ ಪಟಲವು ಮಬ್ಬಾಗಿ ಬಲಗುಂದುವುದೂ ಸಾಮಾನ್ಯ. ಇದಕ್ಕಿಂತ ದೊಡ್ಡ ವಿಘ್ನವೆಂದರೆ ನಾಲಗೆ. ಬೂಷ್ಟನ್ನು ಅಡಗಿಸುವಷ್ಟು ಪ್ರಮಾಣದ ಸಿಟ್ರಾಲ್ ಮೀನಿಗೂ ಕೇಕಿಗೂ ಒಪ್ಪೀತು. ಬಾದಾಮಿ ಮಾವಿನ ಹಣ್ಣನ್ನು ಕೊಂಡವನು ಅದರಲ್ಲಿ ನಿಂಬೆಯ ವಾಸನೆಯನ್ನು ಬಯಸುವುದಿಲ್ಲ. ಆದುದರಿಂದಲೇ ಈಗಿನ ಹಲವು ಪ್ರಯತ್ನಗಳಲ್ಲಿ ತೈಲವನ್ನು ಹಣ್ಣಿಗೆ ಸೋಕಿಸದೆ, ಪೊಟ್ಟಣದ ಒಳಗೋಡೆಯ ಪಟಲದಿಂದ ಆವಿಯನ್ನು ಮಾತ್ರ ಮೆಲ್ಲಗೆ ಹೊರಸೂಸುವ ಮಾರ್ಗವನ್ನು ಹಿಡಿಯಲಾಗಿದೆ. ಇಂಗಿನ ಹೊಗೆಯ ಭರಣಿಯಲ್ಲಿ ನಡೆಯುತ್ತಿದ್ದುದೂ ಇದೇ.